ಶಕೀರಾಳನ್ನು ನೋಡುವುದಾದರೆ ಪೂರ್ತಿ ನೋಡಿ

ಮಕ್ಕಳೇ, ಶಕೀರಾಳ ಹಾಡು ಕೇಳಬೇಡಿ, ಕುಣಿಯಬೇಡಿ ಎಂದು ಹೇಳುವುದಕ್ಕೆ ನಾನು ಕೂತಿಲ್ಲ. ಕೇಳಿ, ಕುಣಿಯಿರಿ. 2010ರ ಫುಟ್‌ಬಾಲ್ ವಿಶ್ವಕಪ್ಪಿಗೆ ಅವಳು ಹಾಡಿದ ‘ವಾಕಾ ವಾಕಾ’ ನಮ್ಮ ಗಣಪತಿ ಮೆರವಣಿಗೆಯಲ್ಲೂ ಮೊಳಗಿದ್ದನ್ನು ಕೇಳಿದವನು ನಾನು. ಕೇಳಿ ತಲೆ ಆಡಿಸಿದವನೂ ಹೌದು. ನನ್ನ ತಕರಾರು ಬೇರೆ. ಅವಳ ಗೆಳೆಯ ಯಾರಾಗಿದ್ದ, ಯಾಕೆ ಬಿಟ್ಟುಹೋದ, ಅವನನ್ನು ಹಂಗಿಸಿ ಅವಳು ಯಾವ ಹಾಡು ಕಟ್ಟಿದಳು ಎಂದು ಕೇಳಿದರೆ ನೀವು ನಿಂತಲ್ಲೇ ಒಪ್ಪಿಸುತ್ತೀರಿ. ಅವಳ ಊರು ಯಾವುದು, ಹದಿನಾರರ ಹೊತ್ತಿಗೆ ಅವಳು ಎಷ್ಟು ಸಲ ಸೋತಿದ್ದಳು, ಇಪ್ಪತ್ತರಲ್ಲಿ ಏನು ಶುರು ಮಾಡಿದಳು ಎಂದರೆ ಮುಖ ಮುಖ ನೋಡಿಕೊಳ್ಳುತ್ತೀರಿ.

ನಮ್ಮ ಕಾಲದವರೆಲ್ಲ ಸನ್ಯಾಸಿಗಳಾಗಿದ್ದೆವು ಎಂದು ತಿಳಿಯಬೇಡಿ. ಟೆಂಟ್ ಸಿನಿಮಾದ ಹೊರಗೆ ಹಾಡಿನ ಪುಸ್ತಕ ಕೊಂಡು ಬಾಯಿಪಾಠ ಮಾಡಿದವರು ನಾವು. ನಾಯಕನ ಕ್ರಾಪು ನೋಡಿ ಬಂದು ಕ್ಷೌರದ ಅಂಗಡಿಯಲ್ಲಿ ‘ಅದೇ ಥರ ಬಿಡಿ’ ಎಂದವರು. ವಿಜಯಚಿತ್ರ, ರೂಪತಾರಾ ಕೈಗೆ ಬಂದರೆ ಯಾರಿಗೆ ಯಾರ ಮೇಲೆ ಮುನಿಸು ಎಂಬ ಪುಟವನ್ನೇ ಮೊದಲು ಹುಡುಕುತ್ತಿದ್ದೆವು. ಆದರೆ ಅವು ತಿಂಗಳಿಗೊಮ್ಮೆ ಬರುತ್ತಿದ್ದವು. ಒಂದು ಸಂಜೆಗೆ ಓದಿ ಮುಗಿಯುತ್ತಿತ್ತು. ಆಮೇಲೆ ಮುಂದಿನ ಸಂಚಿಕೆಯವರೆಗೆ ನಮ್ಮ ಬದುಕು ನಮ್ಮದು. ನಿಮಗೆ ಆ ಬಿಡುವೇ ಸಿಗುತ್ತಿಲ್ಲ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಯಾರದೋ ಮನೆಯ ಜಗಳ ನಿಮ್ಮ ಹಾಸಿಗೆಗೆ ಬಂದಿರುತ್ತದೆ. ನನ್ನ ಆತಂಕ ಇಲ್ಲಿಂದ ಶುರು.

ಈಗ ಅವಳ ಊರಿಗೆ ಬನ್ನಿ. ಕೊಲಂಬಿಯಾದ ಉತ್ತರಕ್ಕೆ, ಮಾಗ್ದಲೇನಾ ನದಿ ಕೆರಿಬಿಯನ್ ಕಡಲು ಸೇರುವ ಕಡೆ ಬರಾಂಕಿಯಾ ಎಂಬ ಬಂದರು ನಗರವಿದೆ. ಧಗೆಯ ಊರು, ಕಾರ್ನಿವಲ್ ಹಬ್ಬಕ್ಕೆ ಹೆಸರಾದ ಊರು. ಲೆಬನಾನ್, ಸಿರಿಯಾ ಕಡೆಯಿಂದ ಹಡಗು ಹತ್ತಿ ಬಂದ ಅರಬ್ ಕುಟುಂಬಗಳು ಅಲ್ಲಿ ಅಂಗಡಿ ಇಟ್ಟು ನೆಲೆ ನಿಂತವು. ಅಂಥದೊಂದು ಲೆಬನಾನ್ ಮೂಲದ ಮನೆತನದ ವಿಲಿಯಂ ಮೆಬಾರಾಕ್, ಕೊಲಂಬಿಯಾದವಳೇ ಆದ ನಿದಿಯಾ ರಿಪೋಲ್ ಇವರ ಒಬ್ಬಳೇ ಮಗಳಾಗಿ ಶಕೀರಾ 1977ರ ಫೆಬ್ರವರಿ 2ರಂದು ಹುಟ್ಟಿದಳು. ತಂದೆಗೆ ಮೊದಲ ಮದುವೆಯಿಂದ ಬೇರೆ ಮಕ್ಕಳಿದ್ದರು. ಅವರಲ್ಲಿ ಒಬ್ಬ ಮಗ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಅತ್ತ ಕಣ್ಣು ಜನರಿಗೆ ಕಾಣಬಾರದೆಂದು ಆ ತಂದೆ ವರ್ಷಗಟ್ಟಲೆ ಕಪ್ಪು ಕನ್ನಡಕ ತೆಗೆಯಲಿಲ್ಲ. ಎಂಟು ವರ್ಷದ ಹುಡುಗಿ ಕಟ್ಟಿದ ಮೊದಲ ಹಾಡು ಆ ಕನ್ನಡಕದ ಮೇಲೆ.

ಆ ತಂದೆಗೆ ಕಥೆ ಬರೆಯುವ ಹುಚ್ಚೂ ಇತ್ತು. ಟೈಪ್‌ರೈಟರ್ ಮುಂದೆ ಕೂತ ಅಪ್ಪನನ್ನು ನೋಡಿ ನೋಡಿ ಮಗಳು ಕ್ರಿಸ್‌ಮಸ್ಸಿಗೆ ತನಗೂ ಒಂದು ಟೈಪ್‌ರೈಟರ್ ಬೇಕೆಂದು ಹಟ ಹಿಡಿದಳು. ಏಳರ ವಯಸ್ಸಿಗೆ ಅದು ಕೈಗೆ ಬಂತು. ಪದ್ಯ ಬರೆಯುತ್ತ ಹೋದಳು, ಆ ಪದ್ಯಗಳೇ ಹಾಡುಗಳಾದವು. ಮಕ್ಕಳು ನಾವು ಹೇಳಿದ್ದನ್ನು ಮಾಡುವುದಿಲ್ಲ, ಮಾಡಿದ್ದನ್ನು ಮಾಡುತ್ತಾರೆ ಎಂಬ ಮಾತು ನಿಮ್ಮ ಅಪ್ಪ ಅಮ್ಮಂದಿರಿಗೆ ಸೇರಿದ್ದು. ಅವರಿಗೆ ಬೇರೆ ದಿನ ಬೈಯುತ್ತೇನೆ. ನಿಮಗೆ ಹೇಳುವುದು ಇಷ್ಟೆ: ಆ ಹುಡುಗಿ ಅಷ್ಟು ಕಾಡಿ ಪಡೆದ ಯಂತ್ರಕ್ಕಿಂತ ಸಾವಿರ ಪಾಲು ಹೆಚ್ಚಿನದು ಇವತ್ತು ನಿಮ್ಮ ಜೇಬಿನಲ್ಲಿದೆ. ಅದರಲ್ಲಿ ಕನ್ನಡ ಕೀಲಿಮಣೆಯೂ ಇದೆ. ದಿನಕ್ಕೆ ಅರ್ಧ ಗಂಟೆ ಅದರಲ್ಲಿ ನಿಮ್ಮ ಮನಸ್ಸಿನದೊಂದು ಮಾತು ಬರೆಯಿರಿ. ಯಾರಿಗೂ ಕಳಿಸಬೇಡಿ. ಲೈಕ್ ಬರದ ಬರವಣಿಗೆಯನ್ನು ಒಂದು ವರ್ಷ ಮಾಡಿ ನೋಡಿ.

ಎಂಟನೇ ವಯಸ್ಸಿನಲ್ಲೇ ಇನ್ನೊಂದು ಪೆಟ್ಟು ಬಿತ್ತು. ಒಡವೆ ವ್ಯಾಪಾರ ಮಾಡುತ್ತಿದ್ದ ತಂದೆ ದಿವಾಳಿಯಾದ. ಮಗಳನ್ನು ಕೆಲ ಕಾಲ ಅಮೆರಿಕದ ನೆಂಟರ ಮನೆಯಲ್ಲಿ ಬಿಟ್ಟಿದ್ದರು. ತಿರುಗಿ ಬಂದು ನೋಡಿದರೆ ಮನೆಯ ಸಾಮಾನೆಲ್ಲ ಮಾರಿಹೋಗಿತ್ತು, ಕಾರೂ ಇರಲಿಲ್ಲ. ಹುಡುಗಿ ಮುಖ ಊದಿಸಿಕೊಂಡಳು. ಆಗ ಅವಳ ತಂದೆ ಮಾಡಿದ ಕೆಲಸವೇ ಅವಳ ಇಡೀ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ್ದು. ಅವನು ಉಪದೇಶ ಮಾಡಲಿಲ್ಲ. ಕೈಹಿಡಿದು ಒಂದು ಪಾರ್ಕಿಗೆ ಕರೆದುಕೊಂಡು ಹೋದ. ಅಲ್ಲಿ ಅವಳ ವಯಸ್ಸಿನವೇ ಅನಾಥ ಮಕ್ಕಳು ಬರಿಗಾಲಲ್ಲಿ, ಹರಕು ಬಟ್ಟೆಯಲ್ಲಿ, ಹಸಿವು ಮರೆಯಲು ಅಂಟಿನ ವಾಸನೆ ಎಳೆಯುತ್ತ ಬಿದ್ದಿದ್ದರು. ದೊಡ್ಡವಳಾಗಿ ಹೆಸರು ಮಾಡಿದರೆ ಇವರಿಗೆ ಏನಾದರೂ ಮಾಡುತ್ತೇನೆ ಎಂದು ಆಗಲೇ ಅಂದುಕೊಂಡೆ ಎಂದು ಮುಂದೆ ಅವಳೇ ಎಷ್ಟೋ ಸಲ ಹೇಳಿದ್ದಾಳೆ.

ನಿಮ್ಮಲ್ಲಿ ಕೆಲವರು ಗೆಳೆಯನ ಹತ್ತಿರ ಹೊಸ ಫೋನ್ ಬಂತೆಂದು ಅಪ್ಪನ ಹತ್ತಿರ ಮೂರು ದಿನ ಮಾತು ಬಿಡುತ್ತೀರಿ. ಅಪ್ಪ ಕಂತಿನಲ್ಲಿ ತಂದುಕೊಡುತ್ತಾನೆ. ಆ ಕಂತು ಕಟ್ಟಲು ಅವನು ಏನು ಕಡಿಮೆ ಮಾಡಿಕೊಂಡ ಎಂದು ಒಂದು ದಿನವಾದರೂ ಕೇಳಿ. ಸಿಟ್ಟಿನಿಂದ ಹೇಳುತ್ತಿಲ್ಲ. ಮನೆಯ ಕಷ್ಟವನ್ನು ನಿಮ್ಮಿಂದ ಮುಚ್ಚಿಟ್ಟು ಸಾಕಿದ ನಮ್ಮ ತಲೆಮಾರಿನ ಪಾಲೂ ಇದರಲ್ಲಿದೆ.

ಶಾಲೆಯಲ್ಲಿ ಅವಳನ್ನು ಗಾಯನ ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ದನಿ ನಡುಗುತ್ತದೆ, ಮೇಕೆ ಕೂಗಿದ ಹಾಗಿದೆ ಎಂದರು. ಇವತ್ತು ಕಣ್ಣು ಮುಚ್ಚಿ ಕೇಳಿದರೂ ಶಕೀರಾ ಎಂದು ನೀವು ಗುರುತಿಸುವುದು ಅದೇ ನಡುಕದಿಂದ. ಹಾಗಂತ ಮೇಷ್ಟ್ರು ಹೇಳಿದ್ದೆಲ್ಲ ತಪ್ಪು ಎಂದು ಹಿಗ್ಗಬೇಡಿ. ಕೇಳಿ ಅತ್ತವರು ಬಹಳ, ಕೇಳಿ ಅಭ್ಯಾಸ ಬಿಡದವರು ಕಡಿಮೆ. ಅವಳು ಊರಿನ ಪೈಪೋಟಿಗಳಲ್ಲಿ ಹಾಡುತ್ತಲೇ ಹೋದಳು. ಕೊನೆಗೆ ಸೋನಿ ಕಂಪನಿಯ ಅಧಿಕಾರಿಯೊಬ್ಬರ ಎದುರು ಹೋಟೆಲಿನ ಹಜಾರದಲ್ಲಿ ನಿಂತು ಹಾಡಿದಳು. 1991ರಲ್ಲಿ, ಹದಿನಾಲ್ಕರ ಹುಡುಗಿಯ ಮೊದಲ ಆಲ್ಬಂ ‘ಮಾಹಿಯಾ’ ಬಂತು.

ಬಂತು, ಬಿತ್ತು. ಎರಡನೆಯದು 1993ರ ‘ಪೆಲಿಗ್ರೊ’. ಅದೂ ನೆಲಕಚ್ಚಿತು. ಅವೆರಡನ್ನೂ ಮತ್ತೆ ಹೊರತರಲು ಅವಳು ಇವತ್ತಿಗೂ ಬಿಟ್ಟಿಲ್ಲ. ನಡುವೆ ಹೊಟ್ಟೆಪಾಡಿಗೋ ಹೆಸರಿಗೋ ಟಿವಿ ಧಾರಾವಾಹಿಯೊಂದರಲ್ಲಿ ನಟಿಸಿದಳು. ಮೂರನೆಯ ಆಲ್ಬಂ ‘ಪಿಯೆಸ್ ದೆಸ್ಕಾಲ್ಸೋಸ್’ ಬಂದದ್ದು 1995ರಲ್ಲಿ. ಅದು ಕೈ ಹಿಡಿಯಿತು, ಲ್ಯಾಟಿನ್ ಅಮೆರಿಕದ ಉದ್ದಗಲಕ್ಕೆ ಹರಡಿತು. ಮೊದಲ ಸೋಲಿನಿಂದ ಮೊದಲ ಗೆಲುವಿಗೆ ನಾಲ್ಕು ವರ್ಷ. ಆ ವಯಸ್ಸಿನಲ್ಲಿ ನಾಲ್ಕು ವರ್ಷವೆಂದರೆ ಒಂದು ಯುಗ.

ನೀವು ಬೆಳಗ್ಗೆ ರೀಲ್ ಹಾಕಿ ಮಧ್ಯಾಹ್ನ ಎಷ್ಟು ಜನ ನೋಡಿದರು ಎಂದು ಲೆಕ್ಕ ಹಾಕುತ್ತೀರಿ. ಸಂಜೆಗೆ ಇನ್ನೂರು ದಾಟದಿದ್ದರೆ ಅಳಿಸಿಬಿಡುತ್ತೀರಿ. ಹಾಡು ಬಿಟ್ಟು ಅಡುಗೆ, ಅಡುಗೆ ಬಿಟ್ಟು ಹಾಸ್ಯ, ಹಾಸ್ಯ ಬಿಟ್ಟು ಷೇರು ಮಾರುಕಟ್ಟೆ. ಬೀಜ ಬಿತ್ತಿ ದಿನಾ ಸಂಜೆ ಮಣ್ಣು ಕೆದಕಿ ನೋಡಿದರೆ ಯಾವ ಮೊಳಕೆ ಉಳಿದೀತು? ಒಂದನ್ನು ಹಿಡಿಯಿರಿ. ಯಾರೂ ನೋಡದಿದ್ದರೂ ಎರಡು ವರ್ಷ ಬಿಡಬೇಡಿ. ಆಮೇಲೂ ಒಲಿಯದಿದ್ದರೆ ಬಿಡಿ, ತಪ್ಪೇನಿಲ್ಲ. ಆದರೆ ಎರಡು ವಾರಕ್ಕೆ ಬಿಟ್ಟು ‘ನನಗೆ ಅದೃಷ್ಟ ಇಲ್ಲ’ ಎನ್ನಬೇಡಿ.

ಗೆಲುವಿನ ನಂತರದ್ದೂ ಕೇಳಿ. ಮುಂದಿನ ಆಲ್ಬಮ್ಮಿಗೆ ಬರೆದಿಟ್ಟಿದ್ದ ಹಾಡುಗಳ ಕೈಪೆಟ್ಟಿಗೆ ಬೊಗೊಟಾ ವಿಮಾನ ನಿಲ್ದಾಣದಲ್ಲಿ ಕಳುವಾಯಿತು. ಮತ್ತೆ ಮೊದಲಿಂದ ಬರೆದಳು. ‘ಕಳ್ಳರೆಲ್ಲಿ?’ ಎಂದು ಆ ಆಲ್ಬಮ್ಮಿಗೆ ಹೆಸರಿಟ್ಟು 1998ರಲ್ಲಿ ಹೊರತಂದಳು. ಅವಳ ಕೆಲಸಗಳಲ್ಲಿ ಬಲ್ಲವರು ಇಂದಿಗೂ ಮೇಲಿಡುವುದು ಇದನ್ನು.

ಆಮೇಲೆ ಇಂಗ್ಲಿಷ್. ಅಲ್ಲಿಯವರೆಗೆ ಅವಳು ಬರೆದದ್ದೆಲ್ಲ ಸ್ಪ್ಯಾನಿಷ್‌ನಲ್ಲಿ. ಇಂಗ್ಲಿಷಿನಲ್ಲಿ ಹಾಡಬೇಕೆಂದಾಗ ಬೇರೆಯವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಹಾಡಬಹುದಿತ್ತು. ಅವಳು ನಿಘಂಟು ಇಟ್ಟುಕೊಂಡು ಕೂತಳು. ವಾಲ್ಟ್ ವಿಟ್ಮನ್ನನ ಕವಿತೆ, ಲೆನರ್ಡ್ ಕೊಹೆನ್ನನ ಹಾಡು ಓದಿ ಆ ಭಾಷೆ ಕಲಿತು, ಅದರಲ್ಲಿ ತಾನೇ ಬರೆದಳು. 2001ರ ‘ಲಾಂಡ್ರಿ ಸರ್ವಿಸ್’ ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ತವರಿನಲ್ಲಿ ‘ನಮ್ಮ ಹುಡುಗಿ ಕೈತಪ್ಪಿದಳು’ ಎಂದವರಿದ್ದರು. ಆದರೆ ಜಗತ್ತೆಲ್ಲ ಗೆದ್ದ ಮೇಲೆ, 2005ರಲ್ಲಿ, ಅವಳು ಮೊದಲು ತಂದದ್ದು ಸ್ಪ್ಯಾನಿಷ್ ಆಲ್ಬಂ, ಇಂಗ್ಲಿಷಿನದು ಅದರ ಹಿಂದೆ ಬಂತು. ಇಂಗ್ಲಿಷ್ ಕಲಿತರೆ ಕನ್ನಡ ಬಿಡಬೇಕು, ಕನ್ನಡ ಉಳಿಸಿಕೊಂಡರೆ ಇಂಗ್ಲಿಷಿಗೆ ಹೆದರಬೇಕು ಎಂದು ಕೂತವರು ಇದನ್ನು ಗಮನಿಸಬೇಕು. ಎರಡನ್ನೂ ಶ್ರದ್ಧೆಯಿಂದ ಕಲಿಯಿರಿ. ಎರಡರಲ್ಲೂ ಅರೆಬರೆಯಾಗಿ ಉಳಿಯುವುದೊಂದೇ ನನಗೆ ಭಯ.

ಅವಳ ರುಚಿಗಳ ಬಗ್ಗೆ ಹೇಳುವಾಗ ಓದನ್ನು ಬಿಡುವಂತಿಲ್ಲ. ಅದೇ ಕೆರಿಬಿಯನ್ ಕರಾವಳಿಯ ಕಡೆಯವನು ನೊಬೆಲ್ ಪಡೆದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್. ಎಳೆಯ ವಯಸ್ಸಿನಲ್ಲಿ ಬರಾಂಕಿಯಾದ ಪತ್ರಿಕೆಯೊಂದರಲ್ಲಿ ಅಂಕಣ ಬರೆದು ಬದುಕಿದವನು. ಅವನ ಕಾದಂಬರಿ ಕನ್ನಡದಲ್ಲೂ ಸಿಗುತ್ತದೆ, ಓದಿಲ್ಲವಾದರೆ ಓದಿ. ಆ ಮುದುಕ 1999ರಲ್ಲಿ ಇಪ್ಪತ್ತೆರಡರ ಈ ಹುಡುಗಿಯ ಬಗ್ಗೆ ತಾನೇ ಕೂತು ಲೇಖನ ಬರೆದ. ಅವಳ ಬಿಡುವಿಲ್ಲದ ದುಡಿಮೆ ಕಂಡು ಬೆರಗಾದ. ಅವನ ‘ಲವ್ ಇನ್ ದ ಟೈಮ್ ಆಫ್ ಕಾಲರಾ’ 2007ರಲ್ಲಿ ಸಿನಿಮಾ ಆದಾಗ ಹಾಡು ಕಟ್ಟಿಕೊಟ್ಟವಳು ಅವಳೇ. ಅದೇ ವರ್ಷ ದೊಡ್ಡ ಪ್ರವಾಸವೊಂದನ್ನು, ನಮ್ಮ ಮುಂಬೈಯೂ ಸೇರಿದ್ದ ಪ್ರವಾಸವನ್ನು, ಮುಗಿಸಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ನಾಗರಿಕತೆಯ ಇತಿಹಾಸದ ತರಗತಿಗೆ ಸೇರಿದಳು. ಯಾರೂ ಗುರುತಿಸಬಾರದೆಂದು ತಲೆಗೆ ಟೋಪಿ, ಹೆಸರು ಬರೀ ಇಸಬೆಲ್. 2020ರಲ್ಲಿ, ನಲವತ್ತಮೂರು ತುಂಬಿದ ಮೇಲೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನ್‌ಲೈನ್ ತರಗತಿಯಲ್ಲಿ ಪ್ರಾಚೀನ ತತ್ತ್ವಶಾಸ್ತ್ರ ಓದಿದಳು. ಡಿಗ್ರಿ ಮುಗಿದ ದಿನವೇ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕುವವರು ಇದನ್ನು ಎರಡು ಸಲ ಓದಿಕೊಳ್ಳಿ.

2017ರ ಕೊನೆಗೆ ಅವಳ ಗಂಟಲಿನ ಸ್ವರತಂತುವಿನಲ್ಲಿ ರಕ್ತಸ್ರಾವವಾಯಿತು. ಊರೂರಿಗೆ ಟಿಕೆಟ್ ಮಾರಿದ್ದ ಪ್ರವಾಸ ನಿಂತಿತು. ಶಸ್ತ್ರಕ್ರಿಯೆಗೆ ಒಪ್ಪದೆ ಮಾತು ಬಿಟ್ಟು ಮನೆಯಲ್ಲಿ ಕೂತಳು. ಮರುವರ್ಷದ ಬೇಸಿಗೆಗೆ ದನಿ ಮರಳಿತು. ಹಾಡು ಹೇಳಿ ಬದುಕುವವಳಿಗೆ ಎಂಥ ದಿನಗಳಾಗಿರಬಹುದು ಯೋಚಿಸಿ. ರಾತ್ರಿ ಎರಡರವರೆಗೆ ಪರದೆ ನೋಡಿ ಬೆಳಗ್ಗೆ ತಲೆನೋವಿನ ಮಾತ್ರೆ ನುಂಗುವ ನಿಮಗೆ ದೇಹ ಬಿಟ್ಟಿ ಆಳಿನಂತೆ ಕಾಣುತ್ತದೆ. ಅದು ಕೂಲಿ ಕೇಳುವ ದಿನ ಬರುತ್ತದೆ, ಮಗು. ಹನ್ನೊಂದಕ್ಕೆ ಮಲಗಿ.

ಈಗ ನಿಮಗೆ ಬಾಯಿಪಾಠವಾಗಿರುವ ವಿಷಯ. ಸ್ಪೇನಿನ ಫುಟ್‌ಬಾಲ್ ಆಟಗಾರ ಜೆರಾರ್ಡ್ ಪಿಕೆ, ಅವಳ ಹುಟ್ಟುಹಬ್ಬದ ದಿನವೇ ಹುಟ್ಟಿದವನು, ಹತ್ತು ವರ್ಷಕ್ಕೆ ಚಿಕ್ಕವನು. ಆ ವಿಶ್ವಕಪ್ ಹಾಡಿನ ಹೊತ್ತಿಗೆ ಪರಿಚಯ, ಮದುವೆಯಾಗದೆ ಹನ್ನೊಂದು ವರ್ಷದ ಸಂಸಾರ, ಮಿಲಾನ್, ಸಾಶಾ ಎಂದು ಇಬ್ಬರು ಗಂಡುಮಕ್ಕಳು. 2022ರ ಜೂನ್‌ನಲ್ಲಿ ಬೇರೆಯಾದರು. ಮಕ್ಕಳ ಹಿತಕ್ಕಾಗಿ ನಮ್ಮ ಖಾಸಗಿತನ ಗೌರವಿಸಿ ಎಂದು ಇಬ್ಬರೂ ಸೇರಿ ಕೇಳಿಕೊಂಡರು. ಏಳು ತಿಂಗಳಿಗೆ, 2023ರ ಜನವರಿಯಲ್ಲಿ, ಅರ್ಜೆಂಟೀನಾದ ಬಿಸಾರಾಪ್ ಜೊತೆ ಅವಳು ಹಾಡಿದ ಹಾಡು ಬಂತು. ಅದರಲ್ಲಿ ಅವನಿಗೂ ಅವನ ಹೊಸ ಗೆಳತಿಗೂ ಹೆಸರು ಹೇಳದೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಲೋಕವೆಲ್ಲ ಚಪ್ಪಾಳೆ ತಟ್ಟಿತು.

ನಾನು ತಟ್ಟಲಿಲ್ಲ. ಅವಳ ನೋವು ಸುಳ್ಳೆಂದಲ್ಲ. ಹೆಣ್ಣು ಅತ್ತು ಮೂಲೆ ಸೇರಬೇಕು ಎನ್ನುವವನೂ ನಾನಲ್ಲ. ನಮ್ಮ ಕಾಲದ ಎಷ್ಟು ಹೆಣ್ಣುಮಕ್ಕಳು ನೋವು ನುಂಗಿ ಸವೆದುಹೋದರು ಎಂದು ಕಣ್ಣಾರೆ ಕಂಡಿದ್ದೇನೆ, ಅದೇನು ಒಳ್ಳೆಯ ಕಾಲವಾಗಿರಲಿಲ್ಲ. ಆದರೆ ಆ ಹಾಡು ಬಂದಾಗ ಹಿರಿಯ ಹುಡುಗನಿಗೆ ಹತ್ತು ತುಂಬುವುದರಲ್ಲಿತ್ತು. ಅವನೂ ಶಾಲೆಗೆ ಹೋಗಬೇಕಲ್ಲ? ಖಾಸಗಿತನ ಕೇಳಿದವರೇ ಬಾಗಿಲು ತೆರೆದರೆ ಊರಿನವರು ಕಾಲು ಒರೆಸಿಕೊಂಡು ಒಳಗೆ ಬರುತ್ತಾರೆಯೇ?

ಅವಳನ್ನು ಒಂದು ಮಾತಿನಲ್ಲಿ ಸಮರ್ಥಿಸಲೂಬಹುದು. ನೋವನ್ನು ಹಾಡು ಮಾಡುವುದು ಅವಳ ಕಸುಬು. ಎಂಟರಲ್ಲಿ ಅಪ್ಪನ ಕನ್ನಡಕದ ಮೇಲೆ ಬರೆದವಳು ನಲವತ್ತೈದರಲ್ಲಿ ಇದನ್ನು ಬರೆದಳು. ಮೂವತ್ತು ವರ್ಷ ಪಳಗಿದ ಕೈ ಅದು. ರಾತ್ರಿ ಒಂದು ಗಂಟೆಗೆ ಜಗಳವಾಡಿ, ಆ ಸಿಟ್ಟಿನಲ್ಲೇ ಸ್ಟೇಟಸ್ ಹಾಕಿ, ಹಳೆಯ ಸ್ನೇಹಿತೆಯ ಪತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ನಾಲ್ಕು ಗುಂಪಿಗೆ ಕಳಿಸಿದರೆ ಅದು ಕಲೆಯಾಗುವುದಿಲ್ಲ. ಅದು ಊರ ಬಾಯಿಗೆ ನೀವೇ ಕೊಟ್ಟ ಅವಲಕ್ಕಿ. ಕೆಲಸಕ್ಕೆ ಕರೆಯುವವರು ನೋಡುತ್ತಾರೆ, ನಾಳೆ ನಿಮ್ಮ ಮನೆಗೆ ಬರುವವರು ನೋಡುತ್ತಾರೆ, ಸಿಟ್ಟು ಇಳಿದ ಮೇಲೆ ನೀವೂ ನೋಡುತ್ತೀರಿ. ನೋವಾದಾಗ ಒಬ್ಬರಿಗೆ ಹೇಳಿ. ಅಕ್ಕನೋ, ಸೋದರಮಾವನೋ, ಗಟ್ಟಿಯಾದ ಒಬ್ಬ ಗೆಳೆಯನೋ ಸಾಕು. ಬರೆಯಬೇಕೆನಿಸಿದರೆ ಆಗ ಹೇಳಿದೆನಲ್ಲ, ಯಾರಿಗೂ ಕಳಿಸದ ಆ ಪುಟದಲ್ಲಿ ಬರೆಯಿರಿ. ಒಂದು ವಾರ ಬಿಟ್ಟು ಓದಿ.

ದುಡ್ಡಿನ ವಿಷಯಕ್ಕೂ ಬರಬೇಕು, ಯಾಕೆಂದರೆ ಅಭಿಮಾನಿಗಳು ಇದನ್ನು ಮರೆಯಲು ಇಷ್ಟಪಡುತ್ತಾರೆ. ಸ್ಪೇನಿನ ಕಾನೂನಿನಲ್ಲಿ ವರ್ಷಕ್ಕೆ 183 ದಿನಕ್ಕಿಂತ ಹೆಚ್ಚು ಅಲ್ಲಿದ್ದವರು ಅಲ್ಲಿಯೇ ತೆರಿಗೆ ಕಟ್ಟಬೇಕು. 2012ರಿಂದ 2014ರವರೆಗೆ ಅವಳು ಬಹುಪಾಲು ಅಲ್ಲೇ ಇದ್ದಳು, ಕಾಗದದಲ್ಲಿ ಮಾತ್ರ ವಿಳಾಸ ಬಹಾಮಾಸ್‌ನದಾಗಿತ್ತು ಎಂಬುದು ಸರ್ಕಾರದ ಆರೋಪ. ಬಾಕಿ ಎಂದು ಹೇಳಿದ್ದು 1 ಕೋಟಿ 45 ಲಕ್ಷ ಯೂರೊ. ತಪ್ಪೇ ಮಾಡಿಲ್ಲ ಎಂದು ವರ್ಷಗಟ್ಟಲೆ ವಾದಿಸಿದಳು. 2023ರ ನವೆಂಬರ್ 20ರಂದು ಬಾರ್ಸಿಲೋನಾದಲ್ಲಿ ವಿಚಾರಣೆ ಶುರುವಾಗಬೇಕಿದ್ದ ಬೆಳಗ್ಗೆಯೇ ಆರೋಪ ಒಪ್ಪಿ ರಾಜಿಯಾದಳು. ಜೈಲಿಗೆ ಹೋಗಬೇಕಾಗಲಿಲ್ಲ, 70 ಲಕ್ಷ ಯೂರೊಗೂ ಮಿಕ್ಕಿ ದಂಡ ಬಿತ್ತು. ಮಕ್ಕಳಿಗಾಗಿ ರಾಜಿಯಾದೆ, ಸಲಹೆಗಾರರನ್ನು ನಂಬಿದ್ದೆ ಎಂದು ಹೇಳಿದಳು. ಇರಬಹುದು. ನಂಬಿದವರ ಮೇಲೆ ಬಿಟ್ಟರೂ ಕಾಗದದ ಕೆಳಗಿನ ಸಹಿ ನಮ್ಮದೇ.

ನಿಮ್ಮ ವ್ಯವಹಾರ ಕೋಟಿ ಯೂರೊದ್ದಲ್ಲ, ಗೊತ್ತು. ಆದರೆ ಸಾಲದ ಆ್ಯಪ್‌ನಲ್ಲಿ ‘ಒಪ್ಪಿದೆ’ ಎಂದು ಒತ್ತುವಾಗ, ಗೆಳೆಯನ ಸಾಲಕ್ಕೆ ಜಾಮೀನು ನಿಲ್ಲುವಾಗ, ಬೇರೆಯವರ ಹಣ ನಿಮ್ಮ ಖಾತೆಯ ಮೂಲಕ ಹಾಯಿಸಲು ಕೇಳಿದಾಗ ಒಂದು ದಿನ ತಡೆಯಿರಿ. ಓದಿ. ಅರ್ಥವಾಗದಿದ್ದರೆ ಬ್ಯಾಂಕಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ನಿವೃತ್ತರು ಪ್ರತಿ ಬೀದಿಯಲ್ಲೂ ಇದ್ದಾರೆ, ಹೇಳಲು ಕಾದು ಕೂತಿದ್ದಾರೆ. ಕಟ್ಟಬೇಕಾದ ತೆರಿಗೆ ಕಟ್ಟಿ. ನೀವು ನಡೆಯುವ ರಸ್ತೆ, ಅಮ್ಮನಿಗೆ ಔಷಧ ಕೊಡುವ ಸರ್ಕಾರಿ ಆಸ್ಪತ್ರೆ ಅದರಿಂದಲೇ ನಿಂತಿವೆ.

ದಂಡ ಬಿದ್ದು ಐದು ವಾರಕ್ಕೆ ಬರಾಂಕಿಯಾದ ನದಿ ದಂಡೆಯಲ್ಲಿ ಅವಳದೇ ಪ್ರತಿಮೆ ನಿಂತಿತು. ಆರೂವರೆ ಮೀಟರ್ ಎತ್ತರ, ಕಂಚು ಮತ್ತು ಅಲ್ಯೂಮಿನಿಯಂ, ಅರಬ್ ನೃತ್ಯದ ಭಂಗಿ. ತಪ್ಪು ಮಾಡಿದವಳಿಗೆ ಪ್ರತಿಮೆಯೇ ಎಂದು ಯಾರಾದರೂ ಕೇಳಿದರೆ, ಆ ಊರಿನ ಬಡಮಕ್ಕಳನ್ನು ಕೇಳಿ ಎನ್ನುತ್ತೇನೆ. ಪಾರ್ಕಿನಲ್ಲಿ ಅಂದುಕೊಂಡದ್ದನ್ನು ಅವಳು ಮರೆಯಲಿಲ್ಲ. ಮೊದಲ ಗೆಲುವು ಬಂದ ಎರಡೇ ವರ್ಷಕ್ಕೆ, 1997ರಲ್ಲಿ, ಇಪ್ಪತ್ತರ ಹುಡುಗಿ ಆ ಗೆಲುವು ತಂದ ‘ಪಿಯೆಸ್ ದೆಸ್ಕಾಲ್ಸೋಸ್’ ಆಲ್ಬಮ್ಮಿನ ಹೆಸರಲ್ಲೇ ಪ್ರತಿಷ್ಠಾನ ಕಟ್ಟಿದಳು. ಒಳಯುದ್ಧದಿಂದ ಮನೆ ಬಿಟ್ಟು ಬಂದವರ ಮಕ್ಕಳಿಗೆ ಶಾಲೆ, ಅಲ್ಲೇ ಊಟ. ಕಿಬ್ದೋದಲ್ಲಿ, ಬೊಗೊಟಾದ ಅಂಚಿನ ಕೊಳೆಗೇರಿಯಲ್ಲಿ, ಕಾರ್ತಹೇನಾದಲ್ಲಿ ಕೆಲಸ ನಡೆಯಿತು. ಬರಾಂಕಿಯಾದ ದೊಡ್ಡ ಶಾಲೆ 2009ರಲ್ಲಿ ಬಾಗಿಲು ತೆರೆಯಿತು. ಗೆಳೆಯರು ಬಂದು ಹೋದರು, ಕೂದಲಿನ ಬಣ್ಣ ಕಪ್ಪಿನಿಂದ ಕೆಂಪಾಗಿ ಹೊನ್ನಾಯಿತು, ವಿಳಾಸ ಬದಲಾಯಿತು. ಆ ಶಾಲೆಗಳ ಕೆಲಸ ಇಪ್ಪತ್ತೈದು ವರ್ಷ ದಾಟಿಯೂ ನಿಂತಿಲ್ಲ. ಅವಳನ್ನು ನೋಡುವುದಾದರೆ ಅದನ್ನೂ ಸೇರಿಸಿ ನೋಡಿ.

ನಿಮ್ಮ ಮೊದಲ ಸಂಬಳ ಬಂದಾಗ ಫೋನ್ ಬದಲಾಯಿಸುವ ಆತುರ ಬೇಡ. ಒಂದು ಶನಿವಾರ ನೀವು ಓದಿದ ಶಾಲೆಗೆ ಹೋಗಿ. ಹೆಡ್‌ಮಾಸ್ತರ ಕೋಣೆಯಲ್ಲಿ ಕೂತು ಮಕ್ಕಳಿಗೆ ಏನು ಬೇಕಾಗಿದೆ ಎಂದು ಕೇಳಿ. ದೊಡ್ಡದೇನೂ ಕೇಳುವುದಿಲ್ಲ ಅವರು. ನಾಲ್ಕು ನಿಘಂಟು, ಒಂದು ನೀರಿನ ಫಿಲ್ಟರ್, ಆಟದ ಚೆಂಡು ಎನ್ನಬಹುದು. ಕೊಡಿಸಿ ಬನ್ನಿ. ಫೋಟೊ ಹಾಕಬೇಡಿ.